ಎದುರಿಗೆ ಬಂದವರಿಗೆಲ್ಲ ಒಂದು ಬೆರಳು

ಪುಣೆಯ ವಾಕಡದ ಚೌಕದಲ್ಲಿ ಎದುರಿಗೆ ಬರುವ ಪ್ರತಿಯೊಂದು ವಾಹನಕ್ಕೂ ನಮಸ್ಕಾರ ಹೇಳುತ್ತ ಕಾರು ಓಡಿಸಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬರೇ. ನಮ್ಮ ಗ್ರಹಚಾರ, ಅವರು ನನ್ನ ಕಾಕಾ!

ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೈ ಸ್ಟೀರಿಂಗ್ ಮೇಲೆ ಹಾಗೇ ಇರುತ್ತಿತ್ತು, ತೋರುಬೆರಳು ಮಾತ್ರ ಮೇಲೇಳುತ್ತಿತ್ತು. ಇದನ್ನು ಅವರು ಕಲಿತದ್ದು ಕೆನಡಾದ ಬಯಲುಸೀಮೆಯಲ್ಲಿ. ಧಾರವಾಡದ ಈ ಪುಣ್ಯಾತ್ಮ ಅಲ್ಲಿನ ಒಂದು ಪುಟ್ಟ ಊರಿನಲ್ಲಿ ಅರ್ಧ ಆಯುಷ್ಯ ಗೋಧಿ ಕೊಯ್ಯುವ ಮಷೀನುಗಳನ್ನು ರಿಪೇರಿ ಮಾಡಿಕೊಂಡಿದ್ದು, ಈಗ ಪುಣೆಯಲ್ಲಿ ನಮ್ಮ ಮನೆಗೆ ಬಂದು ನೆಲೆಸಿದ್ದಾರೆ. ಆ ಕೆನಡಾದ ಊರು ಅದೆಂಥದು ಅಂತೀರಿ! ಬೆಳಿಗ್ಗೆ ನಮ್ಮ ಸೊಸೈಟಿಯ ಲಿಫ್ಟಿನ ಮುಂದೆ ನಿಲ್ಲುವಷ್ಟು ಜನ ಇಡೀ ಊರಿನಲ್ಲಿಲ್ಲ. ಆದರೆ ಅದರ ಇತಿಹಾಸ ಕೇಳಬೇಕು! ಧಾನ್ಯ ತುಂಬುವ ಕಟ್ಟಿಗೆಯ ಗೋಪುರವನ್ನು ಯಾರು ಕೆಡವಿದರು, ರೈಲು ಯಾಕೆ ನಿಂತಿತು, ಚರ್ಚಿನ ನೆಲಮಾಳಿಗೆಯ ಊಟಕ್ಕೆ ಕಾಕಾ ಒಯ್ದ ಎಣ್ಣೆಗಾಯಿ ತಿಂದು ಯಾವ ಯಾವ ರೈತರು ಕಣ್ಣೀರು ಹಾಕಿದರು... ಹಾಲಿನವನು ಕೂಡ ಇಷ್ಟನ್ನೂ ಕೇಳದೆ ನಮ್ಮ ಬಾಗಿಲಿಂದ ಕದಲುವಂತಿಲ್ಲ.

ಅಲ್ಲಿ ರಸ್ತೆಯಲ್ಲಿ ಎದುರಾದವರೆಲ್ಲ ಬೆರಳೆತ್ತುತ್ತಾರಂತೆ. ಪುಣೆಯಲ್ಲಿ? ಇಲ್ಲಿಯೂ ಒಬ್ಬನಾದರೂ ತಿರುಗಿ ಬೆರಳೆತ್ತಲೇಬೇಕು ಎಂಬುದು ಕಾಕಾ ಅವರ ಹಟ.

ಒಬ್ಬ ರಿಕ್ಷಾದವನು ಗಿರಾಕಿ ಎಂದುಕೊಂಡು ಗರ್ರನೆ ತಿರುಗಿಸಿಕೊಂಡು ಬಂದ. "ಕುಠೇ ಜಾಯಚಂ, ಕಾಕಾ?" ಕಾರಿನಲ್ಲಿ ಕೂತವರನ್ನು ಇವನು ಎಲ್ಲಿಗೆ ಕರೆದೊಯ್ಯಬೇಕು! ಬೈಕಿನವನೊಬ್ಬ ಗಾಬರಿಯಿಂದ ಇಳಿದು ಸೈಡ್ ಸ್ಟ್ಯಾಂಡ್ ನೋಡಿದ, ಟಯರು ಒತ್ತಿದ, ಕೊನೆಗೆ ಪ್ಯಾಂಟಿನ ಜಿಪ್ಪನ್ನೂ ಮುಟ್ಟಿ ನೋಡಿಕೊಂಡ. ದೇಹೂ ರೋಡಿನಲ್ಲಿ ಮಿಲಿಟರಿ ಲಾರಿಯ ಜವಾನನಿಗೂ ಬೆರಳು! ನಾನು ನಾಚಿಕೆಯಿಂದ ಸೀಟಿನಲ್ಲೇ ಕೆಳಗೆ ಜಾರಿದೆ.

"ನೋಡಿದೇನ? ಹುಬ್ಬು ಹಾರ್ಸಿದ!" ಕಾಕಾ ಕೂತಲ್ಲೇ ಕುಣಿದರು.

"ಹುಬ್ಬು ಲೆಕ್ಕಕ್ಕಿಲ್ಲರಿ ಕಾಕಾ. ಬೆರಳ ಬೇಕು."

"ತಡೀ ನೀ. ಒಬ್ಬಂವ ಬಂದ ಬರ್ತಾನ."

ಈ ವರ್ಷ ಕಣ್ಣಿನ ಡಾಕ್ಟರು ಅವರ ಸವಾರಿಗೆ ಪೂರ್ಣವಿರಾಮ ಹಾಕಿಬಿಟ್ಟರು. ಕಣ್ಣಿನ ನರ ಸೋತಿದೆ, ಎದುರಿಗೆ ಬಂದದ್ದೆಲ್ಲ ಮಸುಕು ಮಸುಕು. ಮೊನ್ನೆ ರಾಂಜಣಗಾಂವದ ಗಣಪತಿಗೆ ನಾನೇ ಕಾರು ಓಡಿಸಿಕೊಂಡು ಕರೆದೊಯ್ದೆ. ಕಾಕಾ ಪಕ್ಕದ ಸೀಟಿನಲ್ಲಿ ಕೂತು, ಮುಂದೆ ಕೈಯೂರಿ, ಎದುರಿನಿಂದ ಶಬ್ದ ಬಂದಾಗಲೆಲ್ಲ ಬೆರಳೆತ್ತುತ್ತಲೇ ಇದ್ದರು. ನನಗೆ ರೇಗಿತು.

"ಕಣ್ಣು ಕಾಣಂಗಿಲ್ಲ, ಏನಿಲ್ಲ. ಯಾಕ್ರಿ ಈ ಹುಚ್ಚು?"

ಕಾಕಾ ನಗಲಿಲ್ಲ. "ಒಮ್ಮೆ ಭಾಳ ಹಿಮ ಬಿದ್ದಾಗ ನನ್ನ ಗಾಡಿ ರಸ್ತಾದ ಬಾಜೂ ತಗ್ಗಿಗೆ ಜಾರಿತ್ತವ್ವಾ. ಮ್ಯಾಲೆ ಹಿಮ ಮುಚ್ಚೇ ಬಿಡ್ತು. ಊರವರು ಹುಡುಕಲಿಕ್ಕೆ ಹೊಂಟ್ರು, ಆದ್ರ ಎಲ್ಲೆ ಅಂತ ಹುಡುಕಬೇಕು? ದಾರಿಯೊಳಗ ನನಗ ಬೆರಳೆತ್ತಿದ್ದ ಒಬ್ಬ ರೈತ ಹೇಳಿದ, 'ಅಂವನ್ನ ನಾ ಈ ರಸ್ತಾದಾಗ ನೋಡೇನಿ' ಅಂತ. ಅದಕ್ಕ ಉಳದೆ. ಬೆರಳಂದ್ರ ಇಷ್ಟ ನೋಡು, ನಾ ನಿನ್ನ ನೋಡೇನಿ ಅಂತ ಹೇಳೂದು. ಇಲ್ಲಿಗೆ ಬಂದ ಮ್ಯಾಲೆ ನನ್ನ ಯಾರೂ ನೋಡೇ ಇಲ್ಲವ್ವಾ."

ನನ್ನ ಸಿಟ್ಟು ಎಲ್ಲಿ ಹೋಯಿತೋ! ಅಷ್ಟರಲ್ಲಿ ಎದುರಿಗೆ ನೀರಿನ ಟ್ಯಾಂಕರು, ಪುಣೆಯ ರಸ್ತೆಗಳ ಸಾಕ್ಷಾತ್ ಯಮಧರ್ಮ. ಕಾಕಾ ಶಬ್ದ ಕೇಳಿ ಬೆರಳೆತ್ತಿದರು. ಟ್ಯಾಂಕರಿನವನು ನೋಡಿದ, ಹಲ್ಲು ಬಿಟ್ಟು ನಕ್ಕ, ಕಿಟಕಿಯಿಂದ ಇಡೀ ಕೈ ಹೊರಗೆ ಹಾಕಿ ಬೀಸಿದ!

"ಕಾಕಾ! ಎತ್ತಿದ! ಬೆರಳಲ್ಲರಿ, ಪೂರಾ ಕೈ!" ನಾನು ಕೂಗಿಯೇಬಿಟ್ಟೆ.

ಕಾಕಾ ನನ್ನ ಕಡೆ ತಿರುಗಿದರು. ಆ ಮಸುಕು ಕಣ್ಣುಗಳ ತುಂಬ ನೀರು.

"ಗಾಡಿ ಓಡ್ಸೂ ನಿನ್ನ ನೋಡಿದ್ನೋ, ನನ್ನ ನೋಡಿದ್ನೋ? ಖರೇ ಹೇಳು."

"ನಿಮ್ಮನ್ನ, ಕಾಕಾ. ನಿಮ್ಮನ್ನ ನೋಡಿದ."