ನಮ್ಮ ಮಾವನ ಮೇಲ್ಮನೆ

ನಮ್ಮ ಮಾವನಿಗೆ ಹುಚ್ಚು ಎಂದು ನಾನು ಹೇಳುವವಳಲ್ಲ. ಮೂಡಿಗೆರೆಯಿಂದ ಆಲ್ದೂರಿನವರೆಗೆ ಎಲ್ಲರೂ ಹೇಳುತ್ತಿರುವಾಗ ನಾನೊಬ್ಬಳು ಬೇರೆ ಯಾಕೆ! ನಾನು ಬರೀ ‘ಎಕ್ಸೆಂಟ್ರಿಕ್’ ಅನ್ನುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನೋಡಿ, ಬೈಯುವುದಕ್ಕೂ ಒಂದು ಡೀಸೆಂಟ್ ಪದ ಬೇಕು!

ಮಹಾರಾಜರ ಕಾಲ. ತಾಯಿಯಿಲ್ಲದ ನನ್ನನ್ನು ಸಾಕಿದ ಈ ಸೋದರಮಾವ ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನ ಯಜಮಾನರು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಮೆಂಬರು. ಆ ವರ್ಷ ದಸರೆಯ ಅಧಿವೇಶನದಲ್ಲಿ, ಮೇಲ್ಮನೆಗೆ ಕೆಲವರನ್ನು ಸಭೆಯ ಮೆಂಬರುಗಳೇ ಆರಿಸುವ ಚುನಾವಣೆಗೆ ವೋಟು ಹಾಕಿ, ದೇವರನ್ನೇ ಕಂಡವರ ಹಾಗೆ ಹಿಂತಿರುಗಿದ್ದರು. ಕ್ರಿಸ್‌ಮಸ್ ರಜೆಗೆ ನಾನು ಮಂಗಳೂರಿನಿಂದ ಬಂದಾಗ, ಟ್ರಂಕು ಇಳಿಸುವ ಮೊದಲೇ ಶುರು ಮಾಡಿದರು.

“ನೋಡೇ, ಜನ ನಮ್ಮನ್ನ ಆರಿಸ್ತಾರೆ, ನಾವು ಅವ್ರನ್ನ ಆರಿಸ್ತೀವಿ. ತೋಟದಲ್ಲಿ ಒಂದ್ಸಲ ಜರಡಿ ಹಿಡಿದ ಕಾಫಿನ ಕ್ಯೂರಿಂಗಲ್ಲಿ ಇನ್ನೊಂದ್ಸಲ ಹಿಡಿಯಲ್ವಾ? ಕಡೆಗೆ ಉಳಿಯೋದೇ ಎ ಗ್ರೇಡು!”

“ಮೊದಲ್ನೇ ಜರಡೀಲಿ ನೀನು ಹೆಂಗೆ ಉಳ್ಕೊಂಡ್ಯೋ ಮಾರಾಯಾ?” ಎಂದಳು ಅಜ್ಜಿ, ಅವರ ಹೆತ್ತ ತಾಯಿ.

ಮಾವ ಜಗ್ಗಲಿಲ್ಲ. ಮನೆಗೂ ಒಂದು ಮೇಲ್ಮನೆ ಬೇಕೆಂದರು. ಜಗಲಿ, ಅಡುಗೆಮನೆ, ಕಾಫಿ ಕಣ – ಮೂರು ಕ್ಷೇತ್ರ, ಮೂವರು ಮೆಂಬರು. ಅವರು ತೀರ್ಮಾನಿಸಿದ್ದೇ ಕಾನೂನು, ಯಜಮಾನನೂ ಮೀರುವಂತಿಲ್ಲ ಎಂದು ದೇವರ ದೀಪದ ಮುಂದೆ ಆಣೆ ಬೇರೆ ಮಾಡಿದರು!

ಅಡುಗೆಮನೆಯಲ್ಲಿದ್ದದ್ದು ದೇವಕ್ಕ ಒಬ್ಬಳೇ, ಅವಿರೋಧ ಆಯ್ಕೆ. ಕಣದವರು ಮೇಸ್ತ್ರಿಯನ್ನು ಆರಿಸಿದರು. ಮರುದಿನ ಹಾಜರಿ ಹಾಕುವವನು ಅವನೇ ತಾನೆ! ಜಗಲಿಯಿಂದ ಅಜ್ಜಿಯ ಎದುರು ಹದಿಮೂರು ವರ್ಷದ ನಾನು ನಿಂತೆ. ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿತಂತೆ ಒಂದು ಕೈಯನ್ನು ಎದೆಗೆ ಒತ್ತಿ, ಇನ್ನೊಂದನ್ನು ಸೂರಿನ ಕಡೆ ಎತ್ತಿ, “ಲೇಡೀಸ್ ಅಂಡ್ ಜೆಂಟಲ್‌ಮೆನ್!” ಎಂದು ಭಾಷಣ ಬಿಗಿದೆ. ಜಗಲಿಯ ವೋಟರುಗಳು ಮಾವ, ಅಜ್ಜಿ ಮತ್ತು ನಾನು. ಇದ್ದ ಒಬ್ಬ ಜೆಂಟಲ್‌ಮನ್ನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ! ಆದರೂ ಮಾವ ನನಗೇ ವೋಟು ಹಾಕಿದರು. ಗೆದ್ದೆನೇ? ತನ್ನನ್ನು ತಾನೇ ಮೇಲೇರಿಸಿಕೊಳ್ಳುವುದು ಪಾಪವೆಂದು ನಮ್ಮ ಸಿಸ್ಟರ್ ಕಲಿಸಿದ್ದರಲ್ಲ, ನಾನು ಅಜ್ಜಿಗೆ ಹಾಕಿದೆ. ಅಜ್ಜಿ ಯಾವ ಕಾನ್ವೆಂಟಿಗೂ ಹೋದವಳಲ್ಲ; ತನಗೇ ಹಾಕಿಕೊಂಡಳು!

ತಾಮ್ರದ ಚೊಂಬಿಗೆ ಕಾಫಿ ಹಣ್ಣು ಹಾಕಿದರೆ ಒಪ್ಪಿಗೆ, ಹಸಿರು ಕಾಯಿ ಹಾಕಿದರೆ ಇಲ್ಲ. ಕಡುಬಿನ ಬದಲು ಬ್ರೆಡ್ಡು ಬೆಣ್ಣೆ ಬೇಕೆಂಬ ನನ್ನ ಬಿಲ್ಲಿಗೆ ಮೂರೂ ಕಾಯಿ ಬಿದ್ದವು.

ರಜೆ ಮುಗಿಯುತ್ತಾ ಬಂದಾಗ ಅಜ್ಜಿ ಎದ್ದಳು. “ಇವ್ಳು ಓದಿದ್ದು ಸಾಕು. ಒಳ್ಳೆ ಕಡೆಯಿಂದ ಗಂಡು ಬಂದಿದೆ. ಕಾನ್ವೆಂಟಿಗೆ ಇನ್ನು ಕಳ್ಸೋದು ಬೇಡ.”

“ಅವ್ವಾ, ಅದಿನ್ನೂ ಮಗು!”

“ನಿಂಗೆ ವೋಟಿಲ್ಲ, ಸುಮ್ನಿರು. ಕಾನೂನು ಮಾಡ್ದೋನು ನೀನೇ ಅಲ್ವಾ?”

ಮಾವ ದೇವರ ದೀಪದ ಕಡೆ ನೋಡಿದರು. ನಾನು ಪ್ರಚಾರಕ್ಕೆ ಇಳಿದೆ. ‘ಮೋಸ್ಟ್ ರೆಸ್ಪೆಕ್ಟೆಡ್ ಮೇಡಮ್’ ಎಂದು ಕರ್ಸಿವ್ ಅಕ್ಷರದಲ್ಲಿ ದೇವಕ್ಕನಿಗೊಂದು ಅರ್ಜಿ ಬರೆದೆ. ಕನ್ನಡವನ್ನೇ ಓದಲು ಬಾರದ ದೇವಕ್ಕ ಅದನ್ನು ಕಣ್ಣಿಗೊತ್ತಿಕೊಂಡು, ಅದರಲ್ಲೇ ಒಲೆ ಹೊತ್ತಿಸಿದಳು. ಮೇಸ್ತ್ರಿ ತಲೆ ಕೆರೆದುಕೊಂಡ. ಕಳಿಸುವುದಾದರೆ ಹಣ್ಣು, ಬೇಡವಾದರೆ ಕಾಯಿ ಎಂದು ಮಾವ ಸಾರಿದರು. ಮೂವರೂ ಮುಷ್ಟಿ ಮುಚ್ಚಿಕೊಂಡು ಬಂದು ಹಾಕಿ ಹೋದರು.

ಮಾವ ಚೊಂಬು ಹಿಡಿದು ನಮಗೆ ಬೆನ್ನು ಮಾಡಿ ಕಿಟಕಿಯ ಬಳಿ ನಿಂತರು. ಮೂರು ಎಣಿಸಲು ಅಷ್ಟು ಹೊತ್ತೇ?

“ಎರಡು ಹಣ್ಣು, ಒಂದು ಕಾಯಿ. ಕಾನ್ವೆಂಟ್ ಬಿಲ್ ಪಾಸ್!” ಎಂದವರೇ, “ಗುಪ್ತ ಮತದಾನ, ಯಾರೂ ನೋಡಬಾರದು” ಎಂದು ಚೊಂಬನ್ನು ಕಿಟಕಿಯಾಚೆ ಕೊಡವಿದರು. ಅಜ್ಜಿ ಮಿಕ್ಕ ಇಬ್ಬರನ್ನೂ ಸುಡುವ ಹಾಗೆ ನೋಡಿದಳು. ನಾನು ಕುಣಿದಾಡಿದೆ.

ಪ್ರಜಾಪ್ರತಿನಿಧಿ ಸಭೆಯ ಮುಂದಿನ ಚುನಾವಣೆಗೆ ಮಾವ ನಿಲ್ಲಲೇ ಇಲ್ಲ. ಊರೆಲ್ಲ ನಕ್ಕಿತು. ಸುಮ್ಮನಿರಲಾರದ ನಾನು, “ಪಾರ್ಲಿಮೆಂಟ್ ಹುಚ್ಚು ಇಷ್ಟು ಬೇಗ ಬಿಟ್ಟಿತೇ?” ಎಂದು ಹಾಸ್ಟೆಲಿನಿಂದ ಬರೆದೆ. ಕಾರ್ಡಿನಲ್ಲಿ ಉತ್ತರ ಬಂತು: “ತೋಟದಲ್ಲಿ ಕೆಲಸ ಜಾಸ್ತಿ. ನೀನು ಚೆನ್ನಾಗಿ ಓದು.”

ಕೊನೆಗಾಲದಲ್ಲಿ ಅಜ್ಜಿ ನನ್ನ ಕೈ ಹಿಡಿದು, “ಅವತ್ತು ಕಾಯಿ ಹಾಕ್ದೋಳು ನಾನೇ ಕಣೇ” ಎಂದಳು. ಅದು ಗೊತ್ತಿಲ್ಲದವರು ಯಾರು? ನಕ್ಕುಬಿಟ್ಟೆ.

ಮಾವನೂ ಹೋಗಿ ಎಷ್ಟೋ ವರ್ಷದ ಮೇಲೆ, ಕಣ್ಣು ಮಂಜಾಗಿದ್ದ ದೇವಕ್ಕನನ್ನು ನೋಡಲು ಹೋಗಿದ್ದೆ. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: “ಸಣ್ಣಮ್ಮಾ, ತಪ್ಪಾಯ್ತು. ಅವತ್ತು ಕಾಯಿ ಹಾಕ್ದೋಳು ನಾನೊಬ್ಳೇ. ನೀವು ಹೋದ್ರೆ ಮನೆ ಬಿಕೋ ಅಂತದಲ್ಲ ಅಂತ...”

ಮೂವತ್ತು ವರ್ಷ ಮಕ್ಕಳಿಗೆ ಅರಿತ್ಮೆಟಿಕ್ ಕಲಿಸಿದ ನಾನು ಬೆರಳು ಮಡಿಸಿ ಎಣಿಸಿದೆ. ಅಜ್ಜಿಯದೊಂದು, ದೇವಕ್ಕನದೊಂದು. ಮೇಸ್ತ್ರಿಯದು ಹಣ್ಣೇ ಆಗಿದ್ದರೂ ಎರಡು ಕಾಯಿ. ನಾನು ಸೋತಿದ್ದೆ! ದೀಪದ ಮುಂದೆ ಆಣೆ ಮಾಡಿದ್ದವರು ಕಿಟಕಿಯ ಬಳಿ ನಿಂತು ಸುಳ್ಳು ಎಣಿಸಿದ್ದರು. ಆಮೇಲೆ, ವೋಟು ಮುಟ್ಟುವ ಯೋಗ್ಯತೆ ತನಗಿನ್ನಿಲ್ಲವೆಂದು ಮೈಸೂರಿನ ದಾರಿಯನ್ನೇ ಬಿಟ್ಟಿದ್ದರು. ಯಾರಿಗೂ ಹೇಳಲಿಲ್ಲ, ಕಾಗದ ಬರೆದು ಕೆಣಕಿದ ನನಗೂ.

ದೇವಕ್ಕ ಇನ್ನೂ ಅಳುತ್ತಿದ್ದಳು.

“ಹೋಗ್ಲಿ ಬಿಡು ದೇವಕ್ಕಾ,” ಎಂದೆ, “ನಿಂದೊಂದೇ ತಾನೇ ಕಾಯಿ. ಉಳಿದವೆರಡೂ ಹಣ್ಣೇ ಇತ್ತಲ್ಲ.”