ಒಂದನೇ ಗೇರು ಕೈಕೊಟ್ಟ ದಿಬ್ಬಣ

ಚೌಕಾಸಿ ಮಾಡಿ ಬದುಕು ಕಟ್ಟಿಕೊಂಡವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾರು ಏನೇ ಹೇಳಲಿ, ಅದರಲ್ಲಿ ಅರ್ಧ ಸುಳ್ಳು ಅಂದುಕೊಂಡೇ ಮಾತು ಶುರುಮಾಡುತ್ತಾನೆ. ಸೈಕಲ್ಲಿಗೆ ತಕ್ಕಡಿ ಕಟ್ಟಿಕೊಂಡು ಎಸ್ಟೇಟಿನಿಂದ ಎಸ್ಟೇಟಿಗೆ ತಿರುಗಿ ಕಾಳುಮೆಣಸು ಕೊಂಡು ಮೇಲೆ ಬಂದವನು ನಾನು. ಮೆಣಸು ಒಣಗಿದೆ ಅಂದರೆ ಹಲ್ಲಲ್ಲಿ ಕಡಿದು ನೋಡುತ್ತೇನೆ. ಡಾಕ್ಟರು ಮೂರು ಮಾತ್ರೆ ಬರೆದರೆ ಎರಡು ಸಾಲದೇ ಅನ್ನುತ್ತೇನೆ. "ನಮ್ಮೋರು ದೇವರಿಗೂ ಒಂದು ಕಾಯಿ ಒಡೆದು ಎರಡು ವರ ಕೇಳ್ತಾರೆ ಕಣ್ರೀ" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೇನೆ.

ಇಂಥ ನನ್ನನ್ನೂ ಸೋಲಿಸಿದ್ದು ನಮ್ಮ ಹಳೇ ಅಂಬಾಸಿಡರ್. ಗೇರಿನ ಹಿಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುವ ಕಾಲದ್ದು. ಮುಂದಿನ ಸೀಟು ಸೋಫಾದ ಹಾಗೆ ಉದ್ದಕ್ಕಿದೆ. ಮೂವರು ಕೂತು ಎಲೆಯಡಿಕೆ ಹಾಕಿಕೊಳ್ಳಬಹುದು. ಕಾರು ಬಲು ಗಟ್ಟಿ. ಆದರೆ ಗೇರು ಹಾಕುವುದೆಂದರೆ ಮುನಿಸಿಕೊಂಡ ಭಾವನನ್ನು ಊಟಕ್ಕೆ ಎಬ್ಬಿಸಿದ ಹಾಗೆ. ಇಂಥ ಕಾರು ಇಟ್ಟುಕೊಂಡವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿ. ಗೇರು ಬೀಳಲಿಲ್ಲ ಅಂತ ಗಾಬರಿಯಾಗಿ ಗೇರ್‌ಬಾಕ್ಸ್ ಬಿಚ್ಚಿಸಬೇಡಿ. ಮೊದಲು ಎಂಜಿನ್ ಆಫ್ ಮಾಡಿ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದರೆ ತಕರಾರು ಕ್ಲಚ್ಚಿನದು. ಆಗಲೂ ಬೀಳದಿದ್ದರೆ ಬಾನೆಟ್ ಎತ್ತಿ, ಸ್ಟೇರಿಂಗ್ ಕಂಬದ ಬುಡದಿಂದ ಗೇರ್‌ಬಾಕ್ಸಿಗೆ ಹೋಗುವ ಸರಳುಗಳನ್ನು ನೋಡಿ. ಅವುಗಳ ಕೀಲುಗಳಲ್ಲಿ ಉಂಗುರದಷ್ಟು ಪುಟ್ಟ ಬುಷ್‌ಗಳಿರುತ್ತವೆ. ಅವು ಸವೆದರೆ ನಿಮ್ಮ ಕೈ ಹೇಳಿದ್ದು ಗೇರ್‌ಬಾಕ್ಸಿಗೆ ಮುಟ್ಟುವುದಿಲ್ಲ. ಒಂದನೇ ಗೇರು ಅಂದರೆ ಅದು ರಿವರ್ಸ್ ಅಂತ ತಿಳಿದುಕೊಳ್ಳುತ್ತದೆ.

ಆಲೂರಿನ ಮೆಕ್ಯಾನಿಕ್ ಇಷ್ಟನ್ನೂ ನನಗೆ ಹೇಳಿ, ಬುಷ್ ಎಲ್ಲ ಬದಲಾಯಿಸಿ ಅಂದಿದ್ದ. ಇಷ್ಟು ಸಣ್ಣ ಸಾಮಾನಿಗೆ ಅಷ್ಟು ರೇಟೇ ಎಂದು ನಾನು ಮನೆಗೆ ಬಂದು, ಹೆಂಡತಿಯ ಹಳೇ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದು ಕೀಲಿಗೆ ತುರುಕಿದೆ. ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಆ ಹುಮ್ಮಸ್ಸಿನಲ್ಲೇ ಮಗನ ಮದುವೆಗೆ ಹೊರಟೆ.

ಹೆಣ್ಣು ಮಗ್ಗೆಯ ಕಡೆಯದು, ಸಿಂಚನಾ ಅಂತ. ಮದುವೆ ಮುಗಿಸಿ ದೋಣಿಗಲ್ಲಿನ ನಮ್ಮ ಮನೆಗೆ ದಿಬ್ಬಣ ತರುವಾಗ ಸ್ಟೇರಿಂಗ್ ನನ್ನ ಕೈಯಲ್ಲಿ, ಹಿಂದೆ ಮಗ–ಸೊಸೆ, ಪಕ್ಕದಲ್ಲಿ ನನ್ನ ಸೋದರತ್ತೆ ಪುಟ್ಟತಾಯಮ್ಮ. ಅತ್ತೆ ನಮ್ಮ ವಂಶದ ಶಾಸ್ತ್ರಗಳ ಉಸ್ತುವಾರಿ. ಮದುಮಗಳು ಕೂತ ಗಾಡಿ ಹಿಂದಕ್ಕೆ ಸರಿಯಬಾರದು, ನಡುದಾರಿಯಲ್ಲಿ ಗಾಡಿ ಬದಲಾಯಿಸಬಾರದು, ಹೊಸಿಲು ತುಳಿಯುವ ಮುಂಚೆ ಅವಳ ಕಾಲು ನೆಲ ಮುಟ್ಟಬಾರದು, ಇದೆಲ್ಲ ರಾಹುಕಾಲಕ್ಕೆ ಮೊದಲೇ ಆಗಬೇಕು. ನಮ್ಮ ಮನೆ ಇರುವುದು ಕಡಿದಾದ ಏರಿನ ತುದಿಗೆ, ಕೆಳಗೆ ಪಕ್ಕದಲ್ಲಿ ಕಾಫಿ ಒಣಗಿಸುವ ಸಮತಟ್ಟಾದ ಕಣ. ಏರಿನ ಬುಡದಲ್ಲಿ ವಾಲಗದವರು ಮುಂದೆ ಹೋಗಲಿ ಎಂದು ಕಾರು ನಿಲ್ಲಿಸಿದೆ. ನಿಲ್ಲಿಸಿದ್ದೇ ತಪ್ಪಾಯಿತು. ಒಂದನೇ ಗೇರು ಹಾಕಿ ಕ್ಲಚ್ ಬಿಟ್ಟರೆ ಕಾರು ಒಂದು ಗೇಣು ಹಿಂದಕ್ಕೆ ಹಾರಿತು.

"ಹಿಂದಕ್ಕೆ ಹೋಯ್ತಲ್ಲೋ! ಹೆಣ್ಣು ಕೂತೈತೆ ಕಣೋ ಗಾಡೀಲಿ!" ಎಂದು ಅತ್ತೆ ಚೀರಿದಳು.

"ಹಿಂದಕ್ಕೆಲ್ಲಿ ಹೋಯ್ತತ್ತೆ? ಬ್ರೇಕು ಸಡ್ಲಾಯ್ತು, ಅಷ್ಟೆ."

ಇಳಿದು ಬಾನೆಟ್ ಎತ್ತಿದೆ. ಹಿಂದಿನ ಜೀಪಿನಿಂದ ಬೀಗರೂ ಇಳಿದು ಬಂದರು. ನನ್ನ ಬುಷ್ ಎಂಜಿನ್ನಿನ ಬಿಸಿಗೆ ಹೋಳಿಗೆಯ ಹಾಗೆ ಚಪ್ಪಟೆಯಾಗಿ ಹೊರಗೆ ನೇತಾಡುತ್ತಿತ್ತು. "ಏನ್ ಬೀಗ್ರೇ, ಮಾತುಕತೇಲಿ ನಮ್ಮನ್ನೆಲ್ಲ ಹೇಳಿದಂಗೆ ಕೇಳಿಸಿದ್ರಿ, ಗಾಡಿ ಕೇಳ್ತಿಲ್ವಾ? ಅದೇನದು, ಚಪ್ಲಿ ಇದ್ದಂಗೈತೆ?" ಅಂದರು. ಹೊಸ ಮಾಡೆಲ್ ಬುಷ್ ಎಂದೆ. ಸರಳು ಹಿಡಿದು ಎಷ್ಟು ಎಳೆದಾಡಿದರೂ ಬೀಳುವುದು ರಿವರ್ಸ್ ಒಂದೇ. ಹಿಂದಿನ ರಾತ್ರಿಯ ಮಳೆಗೆ ಏರು ಜಾರುತ್ತಿತ್ತು. ರೇಷ್ಮೆ ಪಂಚೆಯವರಿಂದ ಮೇಲಕ್ಕೆ ತಳ್ಳಿಸುವ ಹಾಗಿರಲಿಲ್ಲ. ಮೇಲಿನಿಂದ ನನ್ನ ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡೇ "ರಾಹುಕಾಲ ಬಂದುಬುಡ್ತು ಕಣ್ರೀ!" ಎಂದು ಕೂಗುತ್ತಿದ್ದಳು. ಸೊಸೆಯ ಮೊದಲ ಪ್ರವೇಶವೇ ಅಪಶಕುನವಾಯಿತೆಂಬ ಮಾತನ್ನು ಆ ಹುಡುಗಿಯ ತಲೆಗೆ ಕಟ್ಟಿಬಿಡುತ್ತಾರಲ್ಲ ಎಂದು ಮತ್ತೆ ಸರಳಿಗೆ ಕೈಹಾಕಿದೆ.

ಆಗ ಹಿಂದಿನ ಸೀಟಿನಿಂದ ಬಾಸಿಂಗ ಹೊರಗೆ ಇಣುಕಿತು. "ಮಾವ, ರಿವರ್ಸು ಗಟ್ಟಿಯಾಗಿ ಬೀಳ್ತದಾ?"

"ಅದೊಂದೇ ಬೀಳೋದು ಕಣಮ್ಮ."

"ಹಂಗಾದ್ರೆ ಆಯ್ತಲ್ಲ. ನಮ್ಮೂರಲ್ಲಿ ಶುಂಠಿ ತುಂಬಿದ ಪಿಕಪ್ಪು ಏರು ಹತ್ತದಿದ್ರೆ ತಿರುಗಿಸಿ ರಿವರ್ಸಲ್ಲೇ ಹತ್ತಿಸ್ತಾರೆ. ಕಣದ ತನಕ ಮುಂದಕ್ಕೇ ತಳ್ಳಿ, ಒಂದು ಸುತ್ತು ತಿರುಗಿಸಿಕೊಳ್ಳಿ."

"ಏನೇ ನೀನು, ತೌರಿನ ಕಡೆ ಮಕ ಮಾಡ್ಕಂಡು ಮನೆ ತುಂಬ್ತೀಯೇನೇ?" ಅತ್ತೆ ಗದರಿದಳು.

"ಇಲ್ಲಜ್ಜಿ, ನಾನು ಸೀಟಿನ ಮೇಲೆ ತಿರುಗಿ ಕೂತ್ಕೋತೀನಿ. ಗಾಡೀನೂ ಮನೆ ಕಡೀಗೆ, ನನ್ನ ಮುಖಾನೂ ಮನೆ ಕಡೀಗೆ. ಹಿಂದಕ್ಕೆ ಹೋಗೋದು ಬಾನೆಟ್ ಒಂದೇ."

ಅತ್ತೆ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ತಿರುಗಿಸಿ ಯೋಚಿಸಿದಳು. "ಹಂಗಾರೆ ಇನ್ನೇನ್ ನೋಡ್ತಿದ್ದೀರ? ತಳ್ರೋ!"

ಜನ್ಮವಿಡೀ ವ್ಯಾಪಾರ ಮಾಡಿದ್ದೇನೆ. ಎದುರಿನವರ ಷರತ್ತನ್ನು ಒಂದೂ ಮುರಿಯದೆ, ಅವರ ಬಾಯಲ್ಲೇ ಒಪ್ಪಿಗೆ ಹೊರಡಿಸಿದ ಇಂಥ ಚೌಕಾಸಿಯನ್ನು ನಾನು ನೋಡಿಲ್ಲ. ಅದೂ ಆಸಾಮಿ ನಮ್ಮ ಪುಟ್ಟತಾಯತ್ತೆ! ವಾಲಗದವರೂ ಬೀಗರೂ ಸೇರಿ ಕಾರನ್ನು ಕಣಕ್ಕೆ ತಳ್ಳಿ ತಿರುಗಿಸಿದರು. ರಿವರ್ಸ್ ಹಾಕಿ, ಕತ್ತು ಹೊರಳಿಸಿ, ಅಂಗುಲ ಅಂಗುಲವಾಗಿ ಏರಿಸಿದೆ. ಹಿಂದಿನ ಸೀಟಿನ ಮೇಲೆ ಮಗ–ಸೊಸೆ ಮಂಡಿಯೂರಿ, ಹಿಂಬದಿಯ ಗಾಜಿನಿಂದ ಮನೆ ನೋಡುತ್ತ ಬಂದರು. "ಎಡಕ್ಕೆ ಮಾವ, ಇನ್ನೂ ಎಡಕ್ಕೆ" ಎಂದು ಸೊಸೆ ದಾರಿ ಹೇಳುತ್ತಿದ್ದಳು. ನನ್ನ ಹೆಂಡತಿಗೆ ಎದುರಾದದ್ದು ಕಾರಿನ ಡಿಕ್ಕಿ. ಒಂದು ಗಳಿಗೆ ಪಿಳಿಪಿಳಿ ಕಣ್ಣುಬಿಟ್ಟು, ಅದಕ್ಕೇ ಆರತಿ ಎತ್ತಿದಳು. ರಾಹುಕಾಲ ಇನ್ನೂ ಬಂದಿರಲಿಲ್ಲ.

ಮಾರನೆಯ ವಾರವೇ ಆಲೂರಿಗೆ ಹೋಗಿ ಎಲ್ಲ ಬುಷ್ ಹಾಕಿಸಿದೆ. ನಾನು ಚೌಕಾಸಿ ಮಾಡದ್ದು ನೋಡಿ ಮೆಕ್ಯಾನಿಕ್ "ಮೈ ಹುಷಾರಿಲ್ವಾ ಸಾರ್?" ಅಂದ. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಅತ್ತೆಯ ಮೊಮ್ಮಗನಿಗೆ ಹೆಣ್ಣು ಗೊತ್ತಾಯಿತು, ಕಾರಿಗೂ ನನಗೂ ಕರೆ ಬಂತು. ಹೆಣ್ಣನ್ನು ರಿವರ್ಸಿನಲ್ಲೇ ಮನೆ ತುಂಬಿಸಬೇಕಂತೆ.

"ಅತ್ತೆ, ಗೇರು ಸರಿಹೋಗೈತೆ. ಈಗ ಚೆನ್ನಾಗಿ ಮುಂದಕ್ಕೇ ಹೋಗ್ತದೆ."

"ನಿನ್ನ ಮಗ–ಸೊಸೆ ಚೆನ್ನಾಗಿದಾರೋ ಇಲ್ವೋ?"

"ಚೆನ್ನಾಗಿದಾರೆ."

"ಮತ್ತೆ ನನ್ನ ಮೊಮ್ಮಗಂಗೆ ಮಾತ್ರ ಯಾಕೋ ಮುಂದಿನ ಗೇರು?"

ಹೋಗಲಿ, ಗೇಟಿನಿಂದ ಅಂಗಳದ ತನಕ ರಿವರ್ಸ್ ಸಾಲದೇ ಎಂದು ಕೇಳಿ ನೋಡಿದೆ. ಅತ್ತೆ ಊರ ಬಾಗಿಲಿನಿಂದಲೇ ಎಂದಳು. ಒಂದು ಗಜವನ್ನೂ ಇಳಿಸಲಿಲ್ಲ. ಆಮೇಲೆ ನೆಂಟರಲ್ಲಿ ಆದ ಮದುವೆಗಳಿಗೂ ಇದೇ ಶಾಸ್ತ್ರ ಆಯಿತು. ಈಗ ನಮ್ಮ ಕಾರಿನಲ್ಲಿ ಯಾವ ಗೇರು ಬೇಕಾದರೂ ಸಲೀಸಾಗಿ ಬೀಳುತ್ತದೆ. ನನ್ನ ಕತ್ತು ಮಾತ್ರ ಎಡಕ್ಕೆ ಬಿದ್ದದ್ದು ನ್ಯೂಟ್ರಲ್ಲಿಗೆ ಬರುತ್ತಿಲ್ಲ.