ಫ್ರೇಮ್ ತುಂಬ ಕಳೆ

"ಇವತ್ತಿನ ನೇರಪ್ರಸಾರ ನನ್ನೊಬ್ಬನದೇ! ಯಾರ ಉಪದೇಶವೂ ಬೇಡ!" ಎಂದು ಮೇಜರ್ ಸಾಹೇಬರು ತಿಂಡಿಯ ತಟ್ಟೆಯ ಮುಂದೆ ಗುಡುಗಿದರು.

ಇಪ್ಪತ್ತೆಂಟು ವರ್ಷ ಗಡಿ ಕಾದು ಬಂದ ಇವರನ್ನು ಟೀವಿಯವರು ತೋಟಗಾರಿಕೆ ಕಾರ್ಯಕ್ರಮಕ್ಕೆ ಹಿಡಿದುಹಾಕಿದ್ದು ಮೀಸೆ ನೋಡಿ, ದನಿ ಕೇಳಿ! ಗಿಡದ ವಿದ್ಯೆಯೆಲ್ಲ ಹೆಂಡತಿಯದು. ಆಕೆ ಹೇಳಿಕೊಟ್ಟದ್ದನ್ನು ಇವರು ಕ್ಯಾಮೆರಾ ಮುಂದೆ ಅಬ್ಬರಿಸುತ್ತಿದ್ದರು, ಅಷ್ಟೆ. ಆದರೆ ನೋಡುವವರು ಕಡಿಮೆಯಾಗಿದ್ದರು. ಇವತ್ತಿನದೂ ಸಪ್ಪೆಯಾದರೆ ಕಾರ್ಯಕ್ರಮಕ್ಕೆ ಮಂಗಳ ಹಾಡುವುದೆಂದು ಚಾನೆಲ್ಲಿನವರು ತೀರ್ಮಾನಿಸಿದ್ದರು.

ಅಷ್ಟರಲ್ಲಿ ನಿರ್ದೇಶಕನ ಫೋನು. "ಸಾರ್, ಹೋದ ವಾರ ನಿಮ್ಮ ತೋಟದಲ್ಲಿ ಕಳೇನೇ ಇರಲಿಲ್ಲ. ಇವತ್ತು ಫ್ರೇಮ್ ತುಂಬ ಕಳೆ ಇರಬೇಕು. ನೋಡಿದೋರು 'ಆಹಾ, ಏನು ಕಳೆ!' ಅನ್ನಬೇಕು."

"ಯೆಸ್!" ಎಂದು ಫೋನಿಟ್ಟ ಮೇಜರ್ ಕೆಂಡವಾದರು. "ಕಿತ್ತೂ ಕಿತ್ತೂ ಸೊಂಟ ಬಿದ್ದುಹೋಯ್ತು, ಈಗ ಕಳೆ ಇಲ್ಲ ಅಂತ ದೂರು!"

ಹೂದಾನಿ ತರಲು ಅಕ್ಕನ ಮನೆಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲಿ ನಿಂತಳು. "ರೀ, ಯಾವ ಕಳೆ ಅಂತ ಕೇಳಿದ್ರಾ?"

"ಹುಕುಂ ಬಂದ ಮೇಲೆ ಪ್ರಶ್ನೆ ಕೇಳೋ ಜಾಯಮಾನ ನಂದಲ್ಲ!"

"ನಿಮ್ಮ ಹಣೆಬರಹ. ನನ್ನ ಡೇಲಿಯಾ ಮಾತ್ರ ಮುಟ್ಟಬೇಡಿ. ಮೂರು ತಿಂಗಳು ಮಗು ಥರ ಸಾಕಿದೀನಿ."

ಆದರೆ ಕ್ಯಾಮೆರಾಗೆ ಕಾಣುವುದು ಆ ಡೇಲಿಯಾ ಪಾತಿಯೊಂದೇ! ಮುಟ್ಟಬೇಡಿ ಎಂದದ್ದು ಹೆಂಡತಿ, ಕಳೆ ಬೇಕೆಂದದ್ದು ಮೇಲಿನವರು. ಮೇಜರ್ ಸಲಿಕೆ ಎತ್ತಿದರು. ಡೇಲಿಯಾಗಳು ಬೇರುಸಮೇತ ಗೋಣಿತಾಟಿನ ಮೇಲೆ ಉರುಳಿದವು. ಚರಂಡಿ ಪಕ್ಕದ ಪಾರ್ಥೇನಿಯಂ, ಖಾಲಿ ಸೈಟಿನ ಮುಳ್ಳುಗಿಡಗಳನ್ನು ಕಿತ್ತು ತಂದು, ಟೇಪು ಹಿಡಿದು, ಅರ್ಧ ಅಡಿಗೊಂದರಂತೆ ಮೂರು ಸಾಲಿನಲ್ಲಿ ಕವಾಯತಿಗೆ ನಿಲ್ಲಿಸಿದರು.

ಬಂದ ನಿರ್ದೇಶಕ ಬಾಯಿ ತೆರೆದವನು ಮುಚ್ಚಲಿಲ್ಲ. "ಸಾರ್... ಏನಿದು?"

"ಕಳೆ! ಎಣಿಸ್ಕೊಳ್ಳಿ, ನಲವತ್ತೆಂಟು!"

"ಅಯ್ಯೋ! ಕಳೆ ಅಂದ್ರೆ ಅಂದ ಸಾರ್, ಚೆಂದ! ಮುಖದಲ್ಲಿ ಕಳೆ ಇದೆ ಅಂತೀವಲ್ಲ, ಆ ಕಳೆ!"

"ಹಾಗಂತ ಬಾಯಿಬಿಟ್ಟು ಹೇಳೋಕೆ ನಿಂಗೇನು ಧಾಡಿ?"

ಗೇಟು ಕಿರುಗುಟ್ಟಿತು. ಹೆಂಡತಿ ಗೋಣಿತಾಟು ನೋಡಿದಳು. ಬಾಡುತ್ತಿದ್ದ ಒಂದು ಹೂವನ್ನು ಎತ್ತಿ ಮೆಲ್ಲನೆ ಮತ್ತೆ ಇಟ್ಟಳು. ಆಕೆ ಕಿರುಚಿದ್ದರೆ ಮೇಜರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇನ್ನು ಒಂದೇ ನಿಮಿಷ!" ಎಂದ ಕ್ಯಾಮೆರಾದವನು.

ಆಕೆ ಗಂಡನ ಕಾಲರಿನಿಂದ ಮೈಕು ಕಿತ್ತು ತನಗೆ ಸಿಕ್ಕಿಸಿಕೊಂಡಳು. "ಹೋಗಿ, ಹಿಂದೆ ನಿಂತ್ಕೊಳ್ಳಿ. ಅಲ್ಲಾಡಿದ್ರೆ ನೋಡಿ!"

ಹುಕುಂ! ಮೇಜರ್ ಪಾತಿಯ ಹಿಂದೆ ಎದೆ ಸೆಟೆಸಿ, ಕೈ ಬಿಗಿಹಿಡಿದು ನಿಂತರು.

"ನಮಸ್ಕಾರ. ಇವತ್ತು ಕಳೆ ಕೀಳೋದು ಹೇಗೆ ಅಂತ ನೋಡೋಣ," ಎಂದು ಆಕೆ ಶುರುಮಾಡಿದಳು. "ಹೀಗೆ ಬುಡಕ್ಕೇ ಕೈ ಹಾಕಬೇಕು. ದಾಕ್ಷಿಣ್ಯ ನೋಡಬಾರದು!" ಎನ್ನುತ್ತ ಒಂದೊಂದನ್ನೂ ಕಿತ್ತು ಬಿಸಾಡುವ ರಭಸಕ್ಕೆ ಮಣ್ಣು ಮೇಜರರ ಮೀಸೆಗೇ ಹಾರುತ್ತಿತ್ತು. ವೀಕ್ಷಕರ ಕರೆಗಳು ಮುಗಿಬಿದ್ದವು. ನಿರ್ದೇಶಕ ಕುಣಿದಾಡಿದ. ಕಾರ್ಯಕ್ರಮ ಉಳಿಯಿತು.

ಕೊನೆಯ ಕರೆ ಮುದುಕರೊಬ್ಬರದು. "ಅಮ್ಮಾ, ನಿಮ್ಮ ಹಿಂದೆ ನಿಲ್ಲಿಸಿದೀರಲ್ಲ ಬೆದರುಬೊಂಬೆ, ಭಾರಿ ಚೆನ್ನಾಗಿದೆ! ಮೀಸೆ ಅಂತೂ ನಿಜವಾದದ್ದೇ ಅನ್ಸುತ್ತೆ. ಎಲ್ಲಿ ತಗೊಂಡ್ರಿ?"

ಮೇಜರರ ಕಿವಿ ಕೆಂಪಾಯಿತು. ರೆಪ್ಪೆ ಅಲ್ಲಾಡಲಿಲ್ಲ.

ಆಕೆ ಹಿಂತಿರುಗಿ ನೋಡದೆ ಹೇಳಿದಳು: "ಬೆದರುಬೊಂಬೆ ಅಲ್ಲ ತಾತ, ನಮ್ಮ ಯಜಮಾನ್ರು. ಬೆದರುಬೊಂಬೆ ಆಗಿದ್ದಿದ್ರೆ ನನ್ನ ಗಿಡ ಉಳೀತಿತ್ತು!"